ಗಿಟಾರ್ ಎಲ್ಲಿ ಹೋಯ್ತು? ಕ್ವೀನ್ ಅಭಿಮಾನಿಗಳ 'ಹಾಟ್ ಸ್ಪೇಸ್' ಜಗಳ

1982ರ ಜೂನ್ 5. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಬೌಲ್ ಎಂಬ ಬಯಲು ರಂಗ. ಕ್ವೀನ್ ಎಂಬ ಬ್ರಿಟಿಷ್ ರಾಕ್ ತಂಡದ ಕಾರ್ಯಕ್ರಮ ಶುರುವಾಗಿ ನಾಲ್ಕೈದು ಹಾಡು ಆಗಿವೆ. ತಂಡದ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಹಾಡು ನಿಲ್ಲಿಸಿ ಜನರ ಜೊತೆ ಮಾತಿಗೆ ಇಳಿಯುತ್ತಾರೆ. ನಮ್ಮ ಹೊಸ ಸದ್ದು ನಿಮ್ಮ ಕಿವಿಗೆ ಬಿದ್ದಿರುತ್ತದೆ, ಈಗ ಫಂಕ್ (ಕಪ್ಪು ಜನರ ಕುಣಿತದ ಸಂಗೀತ) ಥರದ ಒಂದೆರಡು ಹಾಡು ಹಾಡುತ್ತೇವೆ, ಅಷ್ಟಕ್ಕೇ ರಾಕ್ ಅಂಡ್ ರೋಲ್ ಬಿಟ್ಟುಬಿಟ್ಟೆವು ಅಂತ ಅಲ್ಲ ಎನ್ನುತ್ತಾರೆ. ಆಮೇಲೆ ಸ್ವಲ್ಪ ರೇಗಿದ ದನಿಯಲ್ಲಿ, ಇದು ಬರೀ ಒಂದು ರೆಕಾರ್ಡ್, ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ ಎಂಬ ಅರ್ಥದ ಮಾತು. ಅದಾದ ಮೇಲೆ 'ಸ್ಟೇಯಿಂಗ್ ಪವರ್' ಶುರುವಾಗುತ್ತದೆ.

ಹೊಸ ಆಲ್ಬಂ 'ಹಾಟ್ ಸ್ಪೇಸ್' ಹೊರಬಂದು ಆಗಿನ್ನೂ ಹದಿನೈದು ದಿನ. ಅಷ್ಟರಲ್ಲೇ ಹಾಡುಗಾರ ತನ್ನದೇ ಜನರ ಮುಂದೆ ನಿಂತು ಸಮಜಾಯಿಷಿ ಕೊಡಬೇಕಾಗಿ ಬಂದಿತ್ತು. ಹಾಡಿಗೆ ಮುನ್ನುಡಿ ಬೇಕಾಯಿತು ಅಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ, ಅಲ್ವಾ?

ಆಮೇಲೆ ನಲವತ್ತು ವರ್ಷ ಕಳೆದರೂ ಕ್ವೀನ್ ಅಭಿಮಾನಿಗಳು ನಾಲ್ವರು ಒಟ್ಟಿಗೆ ಕೂತರೆ ಈ ಜಗಳ ಎದ್ದೇ ಏಳುತ್ತದೆ. 'ರಾಕ್ ತಂಡ ಪಾಪ್ ಕಡೆಗೆ ಜಾರಿತು, ಹಳೆಯ ಅಭಿಮಾನಿಗಳು ಸಿಟ್ಟಾದರು' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ಸುಲಭ. ನನಗೆ ಆ ಸಾಲಿನ ಮೇಲೆ ಅನುಮಾನ ಇದೆ. ಸಿಟ್ಟು ನಿಜ. ಆದರೆ ಸಿಟ್ಟಿಗೆ ಕೊಟ್ಟ ಹೆಸರು ತಪ್ಪು ಅನ್ನಿಸುತ್ತದೆ.

ಮೊದಲಿನಿಂದಲೂ ಶುದ್ಧ ರಾಕ್ ಆಗಿದ್ದರಾ?

ಕ್ವೀನ್ ಆಗ ಎಳಸು ತಂಡ ಅಲ್ಲ. 1970ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಮರುವರ್ಷ ಬೇಸ್ ನುಡಿಸುವ ಜಾನ್ ಡೀಕನ್ ಬಂದು ಸೇರಿದ ಮೇಲೆ ಫ್ರೆಡ್ಡಿ, ಗಿಟಾರಿನ ಬ್ರಯನ್ ಮೇ, ಡ್ರಮ್ಸ್‌ನ ರೋಜರ್ ಟೇಲರ್ ಸೇರಿ ನಾಲ್ವರಾದರು. 'ಹಾಟ್ ಸ್ಪೇಸ್' ಅವರ ಹತ್ತನೆಯ ಸ್ಟುಡಿಯೊ ಆಲ್ಬಂ. ಅಂದರೆ ಹತ್ತು ವರ್ಷ ಜೊತೆಗೆ ನಡೆದು ಬಂದ ಅಭಿಮಾನಿಗಳು ಇದ್ದರು.

ಅವರಿಗೆ ಈ ತಂಡ ಅಂದರೆ ಮೊದಲು ಬ್ರಯನ್ ಗಿಟಾರ್. ಹುಡುಗನಾಗಿದ್ದಾಗ ಅಪ್ಪನ ಜೊತೆ ಕೂತು ಕೈಯಲ್ಲೇ ಮಾಡಿದ ಗಿಟಾರ್ ಅದು. ಕುತ್ತಿಗೆಯ ಮರ ಒಂದು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನಿಂದ ಬಂದದ್ದು. ಆ ಸದ್ದನ್ನು ಪದರದ ಮೇಲೆ ಪದರ ಕೂರಿಸಿ ಬ್ರಯನ್ ಒಂದು ಇಡೀ ವಾದ್ಯವೃಂದವನ್ನೇ ಕಟ್ಟುತ್ತಿದ್ದರು. ಕೇಳಿದವರು ಇದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್, ಇರಬೇಕು ಅಂದುಕೊಳ್ಳುತ್ತಿದ್ದರು. ಅದಕ್ಕೇ ಮೊದಮೊದಲ ಆಲ್ಬಂಗಳ ಮೇಲೆ 'ಇದರಲ್ಲಿ ಯಾರೂ ಸಿಂಥಸೈಜರ್ ನುಡಿಸಿಲ್ಲ' ಎಂದು ಹೆಮ್ಮೆಯಿಂದ ಅಚ್ಚು ಹಾಕಿಸಿದರು. ಬೇಡದ ಹೆಮ್ಮೆ. ಇಂಥ ಮಾತನ್ನು ಕವರಿನ ಮೇಲೆ ಅಚ್ಚು ಹಾಕಿದರೆ ಅದು ವಚನ ಆಗಿಬಿಡುತ್ತದೆ. ಮುಂದೆ ಅಭಿಮಾನಿಗಳು ಅದನ್ನೇ ಎತ್ತಿ ತೋರಿಸಿದರು.

ಹಾಗಂತ ಇವರು ಬರೀ ಗಿಟಾರ್ ಗುಡುಗಿಸುವವರೂ ಆಗಿರಲಿಲ್ಲ. 1975ರ 'ಎ ನೈಟ್ ಅಟ್ ದಿ ಆಪೆರಾ' ತೆಗೆದುಕೊಳ್ಳಿ. 'ಬೊಹೀಮಿಯನ್ ರಾಪ್ಸಡಿ' ಇರುವ ಆಲ್ಬಂ. ಅದೇ ಆಲ್ಬಂನಲ್ಲಿ 'ಯು ಆರ್ ಮೈ ಬೆಸ್ಟ್ ಫ್ರೆಂಡ್' ಇದೆ. ಡೀಕನ್ ಬರೆದದ್ದು. ಎಲೆಕ್ಟ್ರಿಕ್ ಪಿಯಾನೊ ಮೇಲೆ ಕೂತ, ಅಪ್ಪಟ ಹಗುರ ಪಾಪ್ ಹಾಡು. ಯಾರೂ ಮೂಗು ಮುರಿಯಲಿಲ್ಲ. 1978ರ 'ಜಾಝ್' ಆಲ್ಬಂನಲ್ಲಿ ರೋಜರ್ ಬರೆದ 'ಫನ್ ಇಟ್' ಸಾಕಷ್ಟು ಫಂಕ್ ಹಾಡು. ಅದಕ್ಕೂ ಕ್ರಾಂತಿ ಆಗಲಿಲ್ಲ. ಹಾಗಾಗಿ 'ಪಾಪ್ ಮಾಡಿದರು, ಅದಕ್ಕೇ ಸಿಟ್ಟು' ಎಂಬ ವಾದ ಮೊದಲ ಹೆಜ್ಜೆಯಲ್ಲೇ ಕುಂಟುತ್ತದೆ.

ಗೆದ್ದ ಎತ್ತಿನ ಬಾಲ

ತಿರುವು ಬಂದದ್ದು 1980ರಲ್ಲಿ, 'ದ ಗೇಮ್' ಆಲ್ಬಂನಲ್ಲಿ. ಕ್ವೀನ್ ಮೊದಲ ಸಲ ಸಿಂಥಸೈಜರ್ ಬಳಸಿದ್ದು ಇಲ್ಲಿ. ಇದರಲ್ಲಿ ಡೀಕನ್ ಬರೆದ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಇತ್ತು. ಡೀಕನ್ ನ್ಯೂಯಾರ್ಕಿನ ಶೀಕ್ ಎಂಬ ಡಿಸ್ಕೊ ತಂಡದವರ ಜೊತೆ ಸ್ಟುಡಿಯೊದಲ್ಲಿ ಸಮಯ ಕಳೆದವರು. ಅವರ 'ಗುಡ್ ಟೈಮ್ಸ್' ಹಾಡಿನ ಬೇಸ್ ನಡಿಗೆಯ ನೆರಳು ಇಲ್ಲಿ ಎದ್ದು ಕಾಣುತ್ತದೆ. ಡ್ರಮ್ಸ್ ಸದ್ದು ಗುಂಯ್ಗುಡದ ಹಾಗೆ ಒಳಗೆ ಕಂಬಳಿ ತುರುಕಿ, ತುಸು ನುಡಿಸಿ, ಅದೇ ತುಣುಕು ಮತ್ತೆ ಮತ್ತೆ ಸುತ್ತುವ ಹಾಗೆ ಟೇಪ್ ಲೂಪ್ ಮಾಡಿದರು. ಗಿಟಾರ್ ಬರೀ ಮಸಾಲೆಯಷ್ಟು. ಇದನ್ನು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಿಡುವುದು ರೋಜರ್‌ಗೆ ಇಷ್ಟವಿರಲಿಲ್ಲ. ಬಿಡಿ ಎಂದು ಹೇಳಿದವರು ಅವರ ಕಾರ್ಯಕ್ರಮಕ್ಕೆ ಬಂದಿದ್ದ ಮೈಕಲ್ ಜಾಕ್ಸನ್. ಬಿಟ್ಟರು. ಅಮೆರಿಕದಲ್ಲಿ ಮೂರು ವಾರ ನಂಬರ್ 1 ಆಯಿತು. ಕಪ್ಪು ಕೇಳುಗರ ರೇಡಿಯೊ ಕೇಂದ್ರಗಳಲ್ಲೂ ಓಡಿತು.

ಅದೇ ವರ್ಷದ ಶುರುವಿನಲ್ಲಿ ಫ್ರೆಡ್ಡಿ ಬರೆದ, ಐವತ್ತರ ದಶಕದ ರಾಕಬಿಲ್ಲಿ ಧಾಟಿಯ 'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್' ಕೂಡ ಅಲ್ಲಿ ನಂಬರ್ 1 ಆಗಿತ್ತು. ಅಮೆರಿಕದ ಪಟ್ಟಿಯಲ್ಲಿ ಕ್ವೀನ್ ತುತ್ತತುದಿ ಮುಟ್ಟಿದ್ದು ಈ ಎರಡೇ ಸಲ. ಎರಡರಲ್ಲೂ ಹಳೆಯ ಭಾರಿ ಗಿಟಾರ್ ಕಟ್ಟಡ ಇಲ್ಲ. ತಂಡ ಇದರಿಂದ ಏನು ಪಾಠ ಕಲಿಯಬಹುದು ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಗೆದ್ದ ಎತ್ತಿನ ಬಾಲ ಹಿಡಿದರು.

ಇನ್ನೊಂದು ವಿಷಯವನ್ನು ಅಭಿಮಾನಿಗಳು ಜಾಸ್ತಿ ಮಾತಾಡುವುದಿಲ್ಲ. ಆಗ ಕ್ವೀನ್ ಹಾಡುಗಳು ಬರೆದವನ ಹೆಸರಿನಲ್ಲಿ ಇರುತ್ತಿದ್ದವು. ರಾಯಲ್ಟಿಯೂ ಬರೆದವನಿಗೆ. ಎಲ್ಲ ಹಾಡುಗಳನ್ನೂ 'ಕ್ವೀನ್' ಎಂಬ ಒಂದೇ ಹೆಸರಿನಲ್ಲಿ ಹಾಕಿದ್ದು 1989ರ 'ದ ಮಿರಾಕಲ್'ನಲ್ಲಿ. ಅಲ್ಲಿಯವರೆಗೆ ಯಾರ ಹಾಡು ಸಿಂಗಲ್ ಆಗಬೇಕು ಎಂಬುದು ರುಚಿಯ ಪ್ರಶ್ನೆಯಷ್ಟೇ ಅಲ್ಲ, ಕಾಸಿನ ಪ್ರಶ್ನೆಯೂ ಹೌದು. ಇಂಥ ಮನೆಯಲ್ಲಿ ಮೌನಿಯಾದ ಬೇಸ್ ವಾದಕ ತಂಡದ ಅತಿ ದೊಡ್ಡ ಅಮೆರಿಕನ್ ಹಿಟ್ ಬರೆದರೆ ಅವನ ಮಾತಿನ ತೂಕ ಬದಲಾಗದೆ ಇರುತ್ತದಾ?

ಮ್ಯೂನಿಕ್, ಮಾಂಟ್ರೂ ಮತ್ತು ಸೈಡ್ ಎ

ಆಲ್ಬಂ ತಯಾರಾದದ್ದು ಸ್ವಿಟ್ಜರ್ಲೆಂಡಿನ ಮಾಂಟ್ರೂ ಮತ್ತು ಜರ್ಮನಿಯ ಮ್ಯೂನಿಕ್ ಸ್ಟುಡಿಯೊಗಳಲ್ಲಿ, ನಿರ್ಮಾಪಕ ರೈನ್‌ಹೋಲ್ಡ್ ಮ್ಯಾಕ್ ಜೊತೆ. ಮ್ಯೂನಿಕ್‌ನ ರಾತ್ರಿ ಬದುಕು ತಂಡವನ್ನು ನುಂಗುತ್ತಿತ್ತು. ಕ್ಲಬ್ಬುಗಳು, ಕುಡಿತ, ತಡವಾಗಿ ಏಳುವುದು. ಕ್ಲಬ್ಬಿನಲ್ಲಿ ಕೇಳಿದ ಸದ್ದು ಮರುದಿನ ಸ್ಟುಡಿಯೊಗೆ ಬರುತ್ತಿತ್ತು. ಅದೊಂದು ಕಷ್ಟದ ಕಾಲ ಎಂದು ಬ್ರಯನ್ ಆಮೇಲೆ ಹೇಳಿಕೊಂಡಿದ್ದಾರೆ.

ರೆಕಾರ್ಡಿನ ಮೊದಲ ಬದಿಯನ್ನು ಒಮ್ಮೆ ಹಾಕಿ ಕೇಳಿ. 'ಸ್ಟೇಯಿಂಗ್ ಪವರ್'ನಲ್ಲಿ ಸಿಂಥ್ ಬೇಸ್, ಯಂತ್ರದ ತಾಳ, ಅದರ ಮೇಲೆ ಅರಿಫ್ ಮಾರ್ಡಿನ್ ಜೋಡಿಸಿದ ಕಹಳೆಗಳು. ಆಮೇಲೆ 'ಡಾನ್ಸರ್', 'ಬ್ಯಾಕ್ ಚಾಟ್', 'ಬಾಡಿ ಲ್ಯಾಂಗ್ವೇಜ್', 'ಆಕ್ಷನ್ ದಿಸ್ ಡೇ'. ಐದಕ್ಕೆ ಐದೂ ಕುಣಿತದ ನೆಲಕ್ಕೆ ಬರೆದ ಹಾಡುಗಳು. 'ಬಾಡಿ ಲ್ಯಾಂಗ್ವೇಜ್'ನಲ್ಲಿ ಗಿಟಾರನ್ನು ದೀಪ ಹಿಡಿದು ಹುಡುಕಬೇಕು.

ಇಲ್ಲಿ ಒಂದು ಮಾತು. ಗಿಟಾರ್ ಪಕ್ಷದ ಅಭಿಮಾನಿಗಳು ಇದೆಲ್ಲ ಫ್ರೆಡ್ಡಿ ಮತ್ತು ಡೀಕನ್ ಸೇರಿ ಮಾಡಿದ ಕೆಲಸ, ಪಾಪ ಬ್ರಯನ್ ಮತ್ತು ರೋಜರ್ ಬಲಿಯಾದರು ಎಂಬ ಕತೆ ಹೇಳುತ್ತಾರೆ. ಆದರೆ 'ಡಾನ್ಸರ್' ಬರೆದವರು ಸಾಕ್ಷಾತ್ ಬ್ರಯನ್. 'ಆಕ್ಷನ್ ದಿಸ್ ಡೇ' ರೋಜರ್ ಬರೆದದ್ದು. ಅದರಲ್ಲಿ ತಾಳ ಹಾಕುವುದು ಡ್ರಮ್ ಯಂತ್ರ! ಡ್ರಮ್ಸ್ ನುಡಿಸುವವನೇ ತನ್ನ ಹಾಡಿಗೆ ಯಂತ್ರ ಕೂರಿಸಿದ ಮೇಲೆ ಇನ್ನೊಬ್ಬರನ್ನು ಬೈಯುವುದು ಹೇಗೆ? ಬಲಿಪಶುಗಳ ಕತೆ ನಿಲ್ಲುವುದಿಲ್ಲ.

ಆದರೂ ಜಗಳ ನಡೆದದ್ದು ನಿಜ. 'ಬ್ಯಾಕ್ ಚಾಟ್' ಡೀಕನ್ ಹಾಡು. ಅದಕ್ಕೆ ಗಿಟಾರ್ ಸೋಲೊ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಬೇಡ ಎಂದು ಡೀಕನ್. ಬೇಕೇ ಬೇಕು, ಹಾಡಿಗೆ ಬಿಸಿ ಬೇಕು ಎಂದು ಬ್ರಯನ್. ತನ್ನ ಹಾಡಿಗೆ ಬೇಕಾದ ಥರದ ಗಿಟಾರ್ ನೀನು ನುಡಿಸುವುದಿಲ್ಲ ಎಂದು ಡೀಕನ್ ಹೇಳಿದ್ದನ್ನು ಬ್ರಯನ್ ನೆನಪಿಸಿಕೊಂಡಿದ್ದಾರೆ. ಕೊನೆಗೆ ಸೋಲೊ ಉಳಿಯಿತು. ಇವತ್ತು ಆ ಹಾಡು ಕೇಳಿದರೆ ಸೋಲೊ ಬರುವ ಜಾಗದಲ್ಲಿ ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬಂದ ಹಾಗಿದೆ. ನನಗಂತೂ ಇಡೀ ಸೈಡ್ ಎಯಲ್ಲಿ ಆ ಕ್ಷಣವೇ ಹೆಚ್ಚು ಇಷ್ಟ. ಜಗಳವೇ ಕೇಳಿಸುತ್ತದೆ.

ಎರಡನೆಯ ಬದಿ ಬೇರೆ ಲೋಕ. 'ಪುಟ್ ಔಟ್ ದ ಫೈರ್' ಗಿಟಾರ್ ತುಂಬಿದ ರಾಕ್ ಹಾಡು. ಬೀಟಲ್ಸ್ ತಂಡದ ಜಾನ್ ಲೆನನ್ ನೆನಪಿನ 'ಲೈಫ್ ಈಸ್ ರಿಯಲ್' ಇದೆ. ದಕ್ಷಿಣ ಅಮೆರಿಕದ ಅಭಿಮಾನಿಗಳಿಗಾಗಿ ಬ್ರಯನ್ ಬರೆದ 'ಲಾಸ್ ಪಲಾಬ್ರಾಸ್ ದೆ ಅಮೊರ್' ಇದೆ. ಸ್ಪ್ಯಾನಿಷ್ ಹೆಸರಿನ ಈ ಪ್ರೀತಿಯ ಹಾಡು ಬ್ರಿಟನ್ನಿನಲ್ಲಿ ಸಿಂಗಲ್ ಆಗಿ ಬಂದದ್ದು ಬ್ರಿಟನ್ ಮತ್ತು ಅರ್ಜೆಂಟೀನಾ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಕಾದಾಡುತ್ತಿದ್ದ ತಿಂಗಳಲ್ಲಿ. ಗ್ರಹಚಾರ ಅಂದರೆ ಇದು. ಕೊನೆಗೆ ಇನ್ನೊಬ್ಬ ಬ್ರಿಟಿಷ್ ಹಾಡುಗಾರ ಡೇವಿಡ್ ಬೋವಿ ಜೊತೆಗಿನ 'ಅಂಡರ್ ಪ್ರೆಶರ್'. ಅದು ಹಿಂದಿನ ಅಕ್ಟೋಬರ್‌ನಲ್ಲೇ ಸಿಂಗಲ್ ಆಗಿ ಬಂದು ಬ್ರಿಟನ್ನಿನಲ್ಲಿ ನಂಬರ್ 1 ಆಗಿತ್ತು.

ಅಂದರೆ 'ಗಿಟಾರ್ ಇಲ್ಲದ ಆಲ್ಬಂ' ಅನ್ನುವುದೂ ಪೂರ್ತಿ ಸರಿಯಲ್ಲ. ಅರ್ಧ ಆಲ್ಬಂ. ಆದರೆ ಜನರಿಗೆ ಮೊದಲು ಸಿಕ್ಕಿದ್ದು ಯಾವ ಅರ್ಧ? ಆಲ್ಬಂಗೆ ಮುಂಚೆ ಬಿಟ್ಟ ಸಿಂಗಲ್ 'ಬಾಡಿ ಲ್ಯಾಂಗ್ವೇಜ್'. ಅದರ ವಿಡಿಯೊ ಅಮೆರಿಕದ ಸಂಗೀತ ಚಾನೆಲ್ ಎಂಟಿವಿಗೆ ಜಾಸ್ತಿಯಾಯಿತು, ತೋರಿಸಲಿಲ್ಲ. ರೆಕಾರ್ಡ್ ಹಾಕಿದರೆ ಮೊದಲ ಇಪ್ಪತ್ತು ನಿಮಿಷವೂ ಅದೇ ಧಾಟಿ. ತಿರುಗಿಸಿ ಹಾಕುವಷ್ಟರಲ್ಲಿ ಹಳೆಯ ಅಭಿಮಾನಿಯ ಮನಸ್ಸು ಮುರಿದಿರುತ್ತಿತ್ತು.

ಅಂಕಿ ಏನು ಹೇಳುತ್ತದೆ

ಬ್ರಿಟನ್ನಿನಲ್ಲಿ ಆಲ್ಬಂ 4ನೇ ಸ್ಥಾನ ಮುಟ್ಟಿತು. ಅಮೆರಿಕದಲ್ಲಿ 22. ಎರಡು ವರ್ಷ ಮೊದಲು 'ದ ಗೇಮ್' ಎರಡೂ ಕಡೆ ನಂಬರ್ 1 ಆಗಿತ್ತು. ಬಿದ್ದದ್ದು ಜೋರಾಗಿಯೇ.

ತಮಾಷೆ ಏನೆಂದರೆ 'ಬಾಡಿ ಲ್ಯಾಂಗ್ವೇಜ್' ಸಿಂಗಲ್‌ನ ಲೆಕ್ಕ ಉಲ್ಟಾ. ಅಮೆರಿಕದಲ್ಲಿ 11, ಬ್ರಿಟನ್ನಿನಲ್ಲಿ ಬರೀ 25. ಹಾಡು ಹಿಡಿಸಿದ ಕಡೆ ಆಲ್ಬಂ ಕೊಳ್ಳಲಿಲ್ಲ, ಹಾಡು ಹಿಡಿಸದ ಕಡೆ ಆಲ್ಬಂ ಕೊಂಡರು. ನನ್ನ ಊಹೆ ಇಷ್ಟು. ಬ್ರಿಟನ್ನಿನಲ್ಲಿ ಕ್ವೀನ್ ಮನೆಮಂದಿ. ಬೈದುಕೊಂಡೇ ಕೊಂಡರು. ಅಮೆರಿಕದಲ್ಲಿ ಹಾಡು ರೇಡಿಯೊದಲ್ಲಿ ಕೇಳಿದವರು ಒಬ್ಬರು, ಆಲ್ಬಂ ಕೊಳ್ಳುತ್ತಿದ್ದ ರಾಕ್ ಹುಡುಗರು ಇನ್ನೊಬ್ಬರು.

ಆ ರಾಕ್ ಹುಡುಗರ ಸಿಟ್ಟಿಗೆ ಒಂದು ಹಿನ್ನೆಲೆ ಇದೆ. 1979ರ ಜುಲೈ 12ರಂದು ಶಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಒಬ್ಬ ರೇಡಿಯೊ ನಿರೂಪಕ ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಮೈದಾನದ ಮಧ್ಯೆ ಸ್ಫೋಟಿಸಿದ. ಜನ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅಲ್ಲಿಂದ ಡಿಸ್ಕೊ ಎಂಬುದು ಬೈಗುಳ ಆಯಿತು. ಡಿಸ್ಕೊ ಬೆಳೆದದ್ದು ಕಪ್ಪು ಜನರ, ಲ್ಯಾಟಿನೊ ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ. 'ನನಗೆ ಆ ಬೀಟ್ ಇಷ್ಟ ಇಲ್ಲ' ಎಂಬ ಮಾತಿನ ಒಳಗೆ ಬೇರೆ ಅಸಹನೆಯೂ ಅಡಗಿ ಕೂತಿತ್ತು. ಫ್ರೆಡ್ಡಿ 1980ರಲ್ಲಿ ಕೂದಲು ಕತ್ತರಿಸಿ ಮೀಸೆ ಬಿಟ್ಟಾಗ ಅಮೆರಿಕದಲ್ಲಿ ಕೆಲವರು ವೇದಿಕೆಗೆ ರೇಜರ್ ಎಸೆದರು. ಅದನ್ನು ಬರೀ ಸಂಗೀತದ ರುಚಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಎಲ್ಲ ಸಿಟ್ಟನ್ನೂ ಇದಕ್ಕೇ ಕಟ್ಟಿಹಾಕಿದರೆ ಅದೂ ಅನ್ಯಾಯ. ಫ್ರೆಡ್ಡಿಯನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದವರೇ ಈ ಆಲ್ಬಂ ಬಗ್ಗೆ ಹೆಚ್ಚು ನೊಂದುಕೊಂಡರು.

ಮೂರು ಪಕ್ಷ

ಇವತ್ತು ಅಭಿಮಾನಿಗಳ ಜಗಳ ಸುಮಾರಾಗಿ ಮೂರು ಪಕ್ಷಗಳಲ್ಲಿ ನಡೆಯುತ್ತದೆ. ಮೊದಲನೆಯದು 'ಮಾರಿಕೊಂಡರು' ಪಕ್ಷ. ಇವರಿಗೆ 1982 ಅಂದರೆ ಕಪ್ಪು ವರ್ಷ. ಇದರಲ್ಲಿ ಒಂದು ಉಪಪಕ್ಷ ಇದೆ. ಎಲ್ಲಕ್ಕೂ ಫ್ರೆಡ್ಡಿಯ ಆಗಿನ ಮ್ಯಾನೇಜರ್ ಪಾಲ್ ಪ್ರೆಂಟರ್ ಕಾರಣ, ಅವನೇ ಗಿಟಾರ್ ಬೇಡ ಎಂದು ಕಿವಿ ಊದಿದ ಅನ್ನುತ್ತಾರೆ. ತಂಡದವರೂ ಆತನ ಬಗ್ಗೆ ಬೇಸರದಿಂದ ಮಾತಾಡಿದ್ದಾರೆ ನಿಜ. ಆದರೆ 'ಡಾನ್ಸರ್' ಬರೆಯಲು ಬ್ರಯನ್ ಕಿವಿ ಊದಿದವರು ಯಾರು? ತಮ್ಮ ದೇವರು ತಾನಾಗಿಯೇ ತಪ್ಪು ಮಾಡಬಲ್ಲ ಎಂದು ಒಪ್ಪಲಾಗದವರು ಹೊರಗಿನ ಖಳನನ್ನು ಹುಡುಕುತ್ತಾರೆ.

ಎರಡನೆಯದು 'ಕಾಲಕ್ಕಿಂತ ಮುಂದಿತ್ತು' ಪಕ್ಷ. ಇವರ ಹತ್ತಿರ ಒಳ್ಳೆಯ ಪುರಾವೆ ಇದೆ. 'ಹಾಟ್ ಸ್ಪೇಸ್' ಬಂದು ಆರು ತಿಂಗಳಿಗೆ ಮೈಕಲ್ ಜಾಕ್ಸನ್ 'ಥ್ರಿಲ್ಲರ್' ತಂದರು. ಒಂದು ವರ್ಷಕ್ಕೆ, ಇದೇ ಆಲ್ಬಂನ ಕೊನೆಯ ಹಾಡಿನಲ್ಲಿ ಹಾಡಿದ್ದ ಬೋವಿ, ಡೀಕನ್ ಮೆಚ್ಚಿದ ಅದೇ ಶೀಕ್ ತಂಡದ ನೈಲ್ ರಾಜರ್ಸ್ ಜೊತೆ ಸೇರಿ 'ಲೆಟ್ಸ್ ಡಾನ್ಸ್' ಮಾಡಿದರು. ಆ ಹಾಡು ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ನಂಬರ್ 1 ಆಯಿತು. ಹೊತ್ತು ಸರಿಯಿರಲಿಲ್ಲ ಎಂಬ ಅರ್ಥದ ಮಾತನ್ನು ಬ್ರಯನ್ ಕೂಡ ಆಡಿದ್ದಾರೆ. ಆದರೆ ಆರು ತಿಂಗಳಲ್ಲಿ ಕಾಲ ಅಷ್ಟು ಬದಲಾಗಿಬಿಟ್ಟಿತಾ? ಡಾನ್ಸ್ ಬೀಟ್‌ಗೆ ಜನ ಸಿದ್ಧರಿದ್ದರು. ಈ ಐದು ಹಾಡುಗಳಿಗೆ ಸಿದ್ಧರಿರಲಿಲ್ಲ ಅಷ್ಟೇ.

ಮೂರನೆಯವರು ಮಧ್ಯದವರು. 'ಅಂಡರ್ ಪ್ರೆಶರ್' ಇದೆಯಲ್ಲ, ಹೇಗೆ ಕೆಟ್ಟ ಆಲ್ಬಂ ಆಗುತ್ತದೆ ಎನ್ನುತ್ತಾರೆ. ಮೊದಲ ಪಕ್ಷದವರು ಕೂಡಲೇ, ಅದು ಮೊದಲೇ ಬಂದಿತ್ತು, ಲೆಕ್ಕಕ್ಕೆ ತಗೋಬೇಡಿ ಎನ್ನುತ್ತಾರೆ. ಈ ಒಂದು ಹಾಡನ್ನು ಒಳಗೆ ಸೇರಿಸಬೇಕೋ ಹೊರಗಿಡಬೇಕೋ ಎಂಬ ಬಗ್ಗೆಯೇ ಗಂಟೆಗಟ್ಟಲೆ ವಾದ ನಡೆದದ್ದನ್ನು ಕೇಳಿದ್ದೇನೆ. ಅದರಲ್ಲಿ ಕೂಗಾಡಿದವರಲ್ಲಿ ನಾನೂ ಒಬ್ಬ.

ಹಾಗಾದರೆ ಗಿಟಾರೇ ಕಾರಣವಾ?

ಬಹಳ ದಿನ ನಾನು ಹಾಗೇ ನಂಬಿದ್ದೆ. ವಾದ ಚೆನ್ನಾಗಿ ಕೂರುತ್ತದೆ ಕೂಡ. 'ಥ್ರಿಲ್ಲರ್'ನ 'ಬೀಟ್ ಇಟ್'ನಲ್ಲಿ ಎಡ್ಡಿ ವ್ಯಾನ್ ಹೇಲನ್ ಸೋಲೊ ಇದೆ. 'ಲೆಟ್ಸ್ ಡಾನ್ಸ್'ನಲ್ಲಿ ಸ್ಟೀವಿ ರೇ ವಾನ್ ಸೋಲೊ ಇದೆ. ಜಾಕ್ಸನ್, ಬೋವಿ ಇಬ್ಬರೂ ಕುಣಿತದ ಬೀಟ್ ಮೇಲೆ ಗಿಟಾರನ್ನು ಹೊರಗಿನಿಂದ ಕರೆಸಿ ಕೂರಿಸಿದರು. ಕ್ವೀನ್ ತಮ್ಮ ಮನೆಯಲ್ಲೇ ಇದ್ದ ಗಿಟಾರನ್ನು ಮೂಲೆಗೆ ಸರಿಸಿದರು. ಮಿಲ್ಟನ್ ಕೀನ್ಸ್‌ನಲ್ಲಿ 'ಸ್ಟೇಯಿಂಗ್ ಪವರ್' ನುಡಿಸಿದಾಗ ಕಹಳೆ ಇಲ್ಲ. ಬ್ರಯನ್ ಗಿಟಾರ್ ಮುಂದೆ ಬಂದಿದೆ, ಡೀಕನ್ ಕೂಡ ಬೇಸ್ ಬಿಟ್ಟು ಗಿಟಾರ್ ಹಿಡಿದಿದ್ದಾರೆ. ಅದೇ ಹಾಡು, ಬೇರೆ ಪ್ರಾಣಿ. ಆಲ್ಬಂ ದ್ವೇಷಿಸುವವರೂ ಈ ರೂಪವನ್ನು ಮೆಚ್ಚುತ್ತಾರೆ. ಪ್ರಕರಣ ಮುಗಿಯಿತು ಅಂದುಕೊಂಡೆ.

ಆಮೇಲೆ 1984 ಅಡ್ಡ ಬಂತು. ಆ ವರ್ಷ ಬಂದ 'ದ ವರ್ಕ್ಸ್' ಆಲ್ಬಂ 'ಕ್ವೀನ್ ರಾಕ್‌ಗೆ ಮರಳಿದರು' ಎಂದು ಅಭಿಮಾನಿಗಳು ನೆಮ್ಮದಿ ಪಟ್ಟ ಆಲ್ಬಂ. 'ಹ್ಯಾಮರ್ ಟು ಫಾಲ್' ಥರದ ಗಿಟಾರ್ ಹಾಡುಗಳು ಇವೆ, ಸರಿ. ಆದರೆ ಅದರ ಅತಿ ದೊಡ್ಡ ಹಾಡುಗಳು ಯಾವುವು? ರೋಜರ್ ಬರೆದ 'ರೇಡಿಯೊ ಗಾ ಗಾ'. ಸಿಂಥ್ ಮತ್ತು ಡ್ರಮ್ ಯಂತ್ರದ ಹಾಡು. ಡೀಕನ್ ಬರೆದ 'ಐ ವಾಂಟ್ ಟು ಬ್ರೇಕ್ ಫ್ರೀ'. ಅದರ ಸೋಲೊ ನುಡಿಸಿದ್ದು ಬ್ರಯನ್ ಅಲ್ಲ, ಫ್ರೆಡ್ ಮ್ಯಾಂಡೆಲ್, ಅದೂ ಸಿಂಥ್ ಮೇಲೆ! ಬ್ರಿಟನ್ನಿನಲ್ಲಿ ಮೊದಲನೆಯದು 2ನೇ ಸ್ಥಾನ, ಎರಡನೆಯದು 3ನೇ ಸ್ಥಾನ. 'ಗಿಟಾರ್ ಎಲ್ಲಿ?' ಎಂದು ಕೂಗಿದ್ದವರೇ ಇವನ್ನು ಎದೆಗೆ ಅಪ್ಪಿಕೊಂಡರು. ಹಿಂತಿರುಗಿ ನೋಡಿದರೆ 'ಅಂಡರ್ ಪ್ರೆಶರ್'ನಲ್ಲೂ ಗಿಟಾರ್ ಸೋಲೊ ಇಲ್ಲ. ಬೇಸ್, ಚಿಟಿಕೆ, ಚಪ್ಪಾಳೆ, ಎರಡು ದನಿ. ನನ್ನ ವಾದ ಅಲ್ಲಿಗೆ ಮಕಾಡೆ ಮಲಗಿತು.

ಇನ್ನೊಂದು ತೊಡಕು ಕೂಡ ಇದೆ. 'ಹಾಟ್ ಸ್ಪೇಸ್' ಕ್ವೀನ್‌ಗೆ ಅಮೆರಿಕವನ್ನು ಕಳೆಯಿತು ಎನ್ನುವುದು ವಾಡಿಕೆ ಮಾತು. ಫ್ರೆಡ್ಡಿ ಇದ್ದಾಗಿನ ಕ್ವೀನ್‌ನ ಕೊನೆಯ ಅಮೆರಿಕ ಪ್ರವಾಸ 1982ರದ್ದೇ, ನಿಜ. ಆದರೆ 'ರಾಕ್‌ಗೆ ಮರಳಿದ' 'ದ ವರ್ಕ್ಸ್' ಅಲ್ಲಿ ಮುಟ್ಟಿದ್ದು 23. 'ಹಾಟ್ ಸ್ಪೇಸ್'ಗಿಂತ ಒಂದು ಮೆಟ್ಟಿಲು ಕೆಳಗೆ! ನಡುವೆ ಅಮೆರಿಕದ ರೆಕಾರ್ಡ್ ಕಂಪನಿ ಬದಲಾಗಿತ್ತು. ನಾಲ್ವರೂ ಹೆಂಗಸರ ವೇಷ ಹಾಕಿದ 'ಐ ವಾಂಟ್ ಟು ಬ್ರೇಕ್ ಫ್ರೀ' ವಿಡಿಯೊ ಬ್ರಿಟನ್ನಿನಲ್ಲಿ ನಗು ತರಿಸಿದರೆ ಅಲ್ಲಿ ಹುಬ್ಬು ಗಂಟಿಕ್ಕಿಸಿತು. ಹಾಡು 45ಕ್ಕೇ ನಿಂತಿತು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಅನ್ನಬಹುದು, ಆದರೆ ಕೊಂಬೆ ಮೊದಲೇ ಬಿರುಕು ಬಿಟ್ಟಿತ್ತು.

ಅಭಿಮಾನಿಯ ಪಾಲು

ಪಾಪ್ ಕಾರಣವಲ್ಲ, ಗಿಟಾರೂ ಕಾರಣವಲ್ಲ ಅಂದರೆ ಉಳಿದದ್ದು ಏನು? ಉತ್ತರ ಸಿಕ್ಕಿದ್ದು 1977ರ ಒಂದು ರಾತ್ರಿಯ ಕತೆಯಲ್ಲಿ.

ಆ ವರ್ಷ ಸ್ಟಾಫರ್ಡ್‌ನ ಬಿಂಗ್ಲಿ ಹಾಲ್‌ನಲ್ಲಿ ಕಾರ್ಯಕ್ರಮ ಮುಗಿಸಿ ತಂಡ ಒಳಗೆ ಹೋಯಿತು. ಜನ ಹೋಗಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಹಾಡುವ 'ಯು ವಿಲ್ ನೆವರ್ ವಾಕ್ ಅಲೋನ್' ಅನ್ನು ತಾವೇ ಎದ್ದು ಹಾಡಿದರು. ಬ್ರಯನ್‌ಗೆ ಅದು ನಾಟಿತು. ಕಿಕ್ಕಿರಿದು ನಿಂತ ಜನ ಏನು ಮಾಡಬಲ್ಲರು? ಕಾಲು ಬಡಿಯಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಅದರಿಂದ ಬಂದದ್ದು 'ವಿ ವಿಲ್ ರಾಕ್ ಯು'. ಎರಡು ಬಡಿತ, ಒಂದು ಚಪ್ಪಾಳೆ. ಗಿಟಾರ್ ಬರುವುದು ಕೊನೆಗೆ. ಅಲ್ಲಿಂದ ಕ್ವೀನ್ ಹಾಡುಗಳಲ್ಲಿ ಕೇಳುಗನಿಗೆ ಒಂದು ಪಾಲು ಖಾಯಂ ಆಯಿತು. 'ಲವ್ ಆಫ್ ಮೈ ಲೈಫ್' ಬಂದರೆ ಫ್ರೆಡ್ಡಿ ಸುಮ್ಮನಾಗುತ್ತಿದ್ದರು, ಜನ ಹಾಡುತ್ತಿದ್ದರು. 1981ರಲ್ಲಿ ಸಾವೊ ಪಾಲೊದ ಮೊರುಂಬಿ ಕ್ರೀಡಾಂಗಣದಲ್ಲಿ ಒಂದೊಂದು ರಾತ್ರಿ ಲಕ್ಷಕ್ಕೂ ಮೀರಿ ಜನ ಸೇರಿದಾಗ ಆದದ್ದೂ ಇದೇ.

ಈಗ 'ಹಾಟ್ ಸ್ಪೇಸ್'ನ ಸೈಡ್ ಎಗೆ ವಾಪಸ್ ಬನ್ನಿ. ಅದರಲ್ಲಿ ನೀವು ಎಲ್ಲಿ ಸೇರಿಕೊಳ್ಳುತ್ತೀರಿ? ಆ ತಾಳಕ್ಕೆ ಮೈ ಕುಣಿಸಬಹುದು. ಆದರೆ ಕತ್ತಲೆ ಕ್ಲಬ್ಬಿನಲ್ಲಿ ಒಬ್ಬೊಬ್ಬರೇ ಕುಣಿಯುವ ಕುಣಿತ ಅದು. ಯಂತ್ರ ಚಪ್ಪಾಳೆಯನ್ನೂ ತಾನೇ ತಟ್ಟುತ್ತದೆ. ಸಾಲುಗಳು ಚಿಕ್ಕವು, ತುಂಡು ತುಂಡು, ಪಿಸುಮಾತಿನಂಥವು. ಐವತ್ತು ಸಾವಿರ ಜನ ಒಟ್ಟಿಗೆ ಎತ್ತಿ ಹಾಡುವ ಸಾಲು ಆ ಐದು ಹಾಡುಗಳಲ್ಲಿ ನನಗೆ ಸಿಕ್ಕಿಲ್ಲ. ಮನೆಗೆ ಹೋದರೆ ನಮ್ಮ ಕುರ್ಚಿಯನ್ನು ತೆಗೆದಿಟ್ಟ ಹಾಗೆ. ಅಭಿಮಾನಿಗೆ ನೋವಾದದ್ದು ಅಲ್ಲಿ. ನೋವಿಗೆ ಹೆಸರು ಹುಡುಕುವಾಗ ಕಣ್ಣಿಗೆ ಬಿದ್ದದ್ದು ಗಿಟಾರ್, ಡಿಸ್ಕೊ, ಮೀಸೆ, ಮ್ಯಾನೇಜರ್.

'ರೇಡಿಯೊ ಗಾ ಗಾ' ಯಾಕೆ ಗೆದ್ದಿತು ಎಂಬುದೂ ಈಗ ಸರಿಹೊಂದುತ್ತದೆ. ಅದು ಪೂರ್ತಿ ಯಂತ್ರದ ಹಾಡೇ. ಆದರೆ ಪಲ್ಲವಿಯಲ್ಲಿ ಎರಡು ಚಪ್ಪಾಳೆಗೆ ಜಾಗ ಬಿಟ್ಟಿದ್ದಾರೆ. ವಿಡಿಯೊದಲ್ಲಿ ಆ ಚಪ್ಪಾಳೆ ತಟ್ಟಲು ತಂಡ ಕರೆಸಿದ್ದು ಯಾರನ್ನು ಗೊತ್ತಾ? ತಮ್ಮ ಅಭಿಮಾನಿ ಸಂಘದ ಸದಸ್ಯರನ್ನೇ. 1985ರ ಜುಲೈ 13ರಂದು ಬರ ಪರಿಹಾರಕ್ಕೆ ಹಣ ಕೂಡಿಸಲು ನಡೆದ ಲೈವ್ ಏಡ್ ಕಾರ್ಯಕ್ರಮದಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ ತುಂಬಿದ್ದ 72,000 ಜನ ತಲೆಯ ಮೇಲೆ ಕೈ ಎತ್ತಿ ಅದೇ ಎರಡು ಚಪ್ಪಾಳೆ ತಟ್ಟಿದರು. ಆ ಜನರಲ್ಲಿ ಬಹಳಷ್ಟು ಮಂದಿ ಕ್ವೀನ್ ನೋಡಲೆಂದೇ ಬಂದವರೂ ಅಲ್ಲ. ಹಗುರ ಪಾಪ್ ಹಾಡು, ಸಿಂಥ್ ಸದ್ದು, ಯಾರಿಗೂ ದೂರು ಇರಲಿಲ್ಲ.

ಈ ವಾದದಲ್ಲೂ ಬಿರುಕು ಇರಬಹುದು. 'ಐ ವಾಂಟ್ ಟು ಬ್ರೇಕ್ ಫ್ರೀ' ಗುಂಪಿನ ಹಾಡಾದದ್ದು ಹಾಡಿನ ಗುಣದಿಂದಲೋ ವಿಡಿಯೊದ ಗುಣದಿಂದಲೋ ಎಂದು ಒಬ್ಬ ಗೆಳೆಯ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. 'ಬ್ಯಾಕ್ ಚಾಟ್' ಅನ್ನು ಇವತ್ತು ಮೊದಲ ಸಲ ಕೇಳುವ ಹುಡುಗರಿಗೆ ಇದು ಯಾವುದೂ ಕಾಣುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವವರಿಗೆ ಯಾವ ಪಾಲು, ಯಾವ ಕುರ್ಚಿ? ಅವರು ಬೇಸ್ ಎಷ್ಟು ಚೆನ್ನಾಗಿದೆ ನೋಡಿ ಎನ್ನುತ್ತಾರೆ. ಚೆನ್ನಾಗಿಯೇ ಇದೆ.

ಫ್ರೆಡ್ಡಿ ಕೊನೆಯ ಸಲ ಕ್ವೀನ್ ಜೊತೆ ಪೂರ್ಣ ಕಾರ್ಯಕ್ರಮ ಕೊಟ್ಟದ್ದು 1986ರ ಆಗಸ್ಟ್ 9ರಂದು, ನೆಬ್‌ವರ್ತ್‌ನಲ್ಲಿ. ಆ ಪ್ರವಾಸದ ಹಾಡುಗಳ ಪಟ್ಟಿಯಲ್ಲಿ 'ಹಾಟ್ ಸ್ಪೇಸ್'ನಿಂದ ಉಳಿದುಕೊಂಡದ್ದು ಒಂದೇ ಹಾಡು, 'ಅಂಡರ್ ಪ್ರೆಶರ್'. ಬೋವಿ ಇಲ್ಲ, ಗಿಟಾರ್ ಸೋಲೊ ಇಲ್ಲ. ಬೇಸ್‌ನ ಮೊದಲ ಸ್ವರಗಳು ಕೇಳಿದರೆ ಸಾಕಿತ್ತು. ಅದಕ್ಕೆ ಫ್ರೆಡ್ಡಿ ಮುನ್ನುಡಿ ಹೇಳಬೇಕಾಗಿ ಬರಲಿಲ್ಲ.